ನಲವತ್ತು ಅಕ್ಷರದ ಹುದ್ದೆ

ಬರುವ ಕೆಲಸವನ್ನೇ ಮಾಡಿ ಬದುಕುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ನನ್ನ ಹಣೆಬರಹದಲ್ಲಂತೂ ಬಾರದ ಕೆಲಸಗಳೇ ಒಂದರ ಹಿಂದೊಂದು ಹುಡುಕಿಕೊಂಡು ಬರುತ್ತವೆ, ಬಂದು ನನ್ನನ್ನು ಚೆನ್ನಾಗಿ ಸಿಕ್ಕಿಸುತ್ತವೆ, ಕೊನೆಗೆ ಹೇಗೋ ದಡ ಮುಟ್ಟಿಸಿ ಹೋಗುತ್ತವೆ. ಕತಾರಿನಲ್ಲಿದ್ದ ವರ್ಷಗಳಲ್ಲಿ ಇದು ಎಷ್ಟು ಸಲ ಆಯಿತೆಂದರೆ, ಈಗ ಯಾರಾದರೂ "ನಿಮಗೆ ಈ ಕೆಲಸ ಬರುತ್ತದಾ?" ಎಂದು ಕೇಳಿದರೆ "ಇಲ್ಲ, ಹಾಗಾಗಿ ಧೈರ್ಯವಾಗಿ ಮಾಡಬಲ್ಲೆ" ಎನ್ನುತ್ತೇನೆ.

ನನಗೆ ನಿಜವಾಗಿ ಬರುತ್ತಿದ್ದ ಕೆಲಸ ಒಂದೇ. ಮಂಗಳೂರಿನ ಹಳೆಯ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಮದುವೆಯ ಕಾಗದ, ಇಗರ್ಜಿಯ ಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಕನ್ನಡ, ಕೊಂಕಣಿ, ಇಂಗ್ಲಿಷು, ಯಾವುದಾದರೂ ಸರಿ. ಮೊಳೆ ಜೋಡಿಸುವವನ ಜಾಣತನವೆಲ್ಲ ಸಾಲಿನ ಕೊನೆಯಲ್ಲಿ ಗೊತ್ತಾಗುತ್ತದೆ. ಪದ ಉದ್ದ, ಜಾಗ ಗಿಡ್ಡ, ಎಲ್ಲಿ ಕಡಿದು ಕೆಳಗಿನ ಸಾಲಿಗೆ ಇಳಿಸಬೇಕು? ಒಮ್ಮೆ ನಾನು 'ವಧೂವರರು' ಎಂಬುದರಲ್ಲಿ 'ವಧೂವ' ಎಂದು ಮೇಲಿಟ್ಟು 'ರರು' ಎಂದು ಕೆಳಗಿಟ್ಟಿದ್ದೆ. ಕೆಲಸ ಕಲಿಸಿದ ಹಿರಿಯರು ಕನ್ನಡಕ ತೆಗೆದು, "ಹೆಣ್ಣು ಮೇಲಿನ ಸಾಲಲ್ಲಿರಲಿ, ಗಂಡು ಕೆಳಗಿನ ಸಾಲಲ್ಲಿರಲಿ, ಇಬ್ಬರೂ ಇಡೀ ಇರಲಿ ಮಾರಾಯ" ಎಂದಿದ್ದರು. ಅಂದಿನಿಂದ ನಾನು ಯಾವ ಪದವನ್ನೂ ಕೀಲು ಬಿಟ್ಟು ಬೇರೆಡೆ ಕಡಿದವನಲ್ಲ.

ಕಂಪ್ಯೂಟರು ಬಂತು, ಪ್ರೆಸ್ಸು ಮುಚ್ಚಿತು. ಮದುವೆಯಾಗಿ ಎರಡು ವರ್ಷ, ಕೈಯಲ್ಲಿ ಎಂಟು ತಿಂಗಳ ಮಗಳು. ಏಜೆಂಟನ ಬಳಿ ಉಳಿದಿದ್ದದ್ದು ಒಂದೇ ವೀಸಾ, ಬಡಗಿಯದು. "ನನಗೆ ಮರದ ಕೆಲಸ ಬರುವುದಿಲ್ಲ" ಎಂದೆ. "ಮರದ ಪೆಟ್ಟಿಗೆ ಇಟ್ಕೊಂಡು ಮೊಳೆ ಕೆಲಸ ಮಾಡ್ತಿದ್ರಿ ಅಲ್ವಾ? ಮರವೂ ಉಂಟು, ಮೊಳೆಯೂ ಉಂಟು. ಇನ್ನೆಂತ ಬೇಕು ಬಡಗಿಗೆ?" ಎಂದು ಆತ ಪಾಸ್‌ಪೋರ್ಟು ಎಳೆದುಕೊಂಡ.

ಬಂದ ಮೇಲೆ ಗೊತ್ತಾಯಿತು. ಬಡಗಿಯ ವೀಸಾದಲ್ಲಿ ಬಂದವನು ಹೆಂಡತಿ ಮಗುವನ್ನು ಕರೆಸಿಕೊಳ್ಳುವ ಹಾಗಿಲ್ಲ. ಅದಕ್ಕೆ ಕಾಗದದಲ್ಲಿ ಒಂದು ಆಫೀಸಿನ ಹುದ್ದೆ ಇರಬೇಕು. ಮುಂದಿನ ಎರಡು ವರ್ಷ ನನ್ನ ತಲೆಯೊಳಗೆ ಓಡಿದ್ದು ಅದೊಂದೇ ವಿಷಯ.

೧. ವಾಲಿದ ಕಪಾಟು

ಕಂಪನಿ ನಾರ್ವೆ ದೇಶದವರದು. ದುಖಾನ್ ಎಂಬ ಊರಿಗೆ ಹೋಗುವ ದಾರಿಯಲ್ಲಿ, ಸುತ್ತ ಮರಳು ಬಿಟ್ಟರೆ ಬೇರೇನೂ ಇಲ್ಲದ ಕಡೆ, ಪಂಪು ರಿಪೇರಿಯ ಒಂದು ಯಾರ್ಡು. ಮ್ಯಾನೇಜರು ಆರೂವರೆ ಅಡಿ ಎತ್ತರದ ನಾರ್ವೆಯವರು. ಅಲ್ಲಿನ ಬಿಸಿಲಿಗೆ ಅವರ ಮುಖಕ್ಕೆ ಬೇಯಿಸಿದ ಸಿಗಡಿಯ ಬಣ್ಣ ಬಂದಿತ್ತು.

ಹೋದ ದಿನವೇ ನನಗೆ ಹಲಗೆ, ಗರಗಸ, ಸುತ್ತಿಗೆ ಕೊಟ್ಟು, ಬಿಡಿಭಾಗಗಳ ಸ್ಟೋರಿಗೆ ಒಂದು ಕಪಾಟು ಮಾಡೆಂದರು. ನಾಲ್ಕು ದಿನ ಬಡಿದೆ. ಐದನೆಯ ದಿನ ಕಪಾಟು ನಿಂತಿತು, ಆದರೆ ಒಂದು ಕಡೆ ವಾಲಿ ನಿಂತಿತು. ಕಂಪನಿಯ ಡ್ರೈವರು ಉಪ್ಪಿನಂಗಡಿ ಕಡೆಯ ಹಿರಿಯ ಬ್ಯಾರಿ ಮುಸಲ್ಮಾನರು, ನನ್ನ ಬಾಯಲ್ಲಿ ಬ್ಯಾರಿಗಳು, ಇಪ್ಪತ್ತೈದು ವರ್ಷದಿಂದ ಕತಾರಿನಲ್ಲಿದ್ದವರು, ನನ್ನನ್ನು ಊರಿನವನೆಂದು ಕಂಡ ತಕ್ಷಣವೇ ಒಪ್ಪಿಕೊಂಡಿದ್ದವರು. ಕೊಂಕಣಿ ಕ್ರೈಸ್ತನಾದ ನನ್ನನ್ನು ಊರಿನ ರೂಢಿಯಂತೆ 'ಪೊರ್ಬುಗಳು' ಎನ್ನುತ್ತಿದ್ದರು. ಕಪಾಟನ್ನು ಸುತ್ತಿ ನೋಡಿ ಹೇಳಿದರು: "ಪೊರ್ಬುಗಳೇ, ಇದು ಮಂಗಳೂರಿನ ಕಡೆ ಬಾಗಿದೆ. ಪಾಪ, ಅದಕ್ಕೂ ಊರಿನ ನೆನಪಾಗಿರ್ಬೇಕು."

ಸ್ಟೋರಿನವರು ಅದರ ಮೇಲೆ ಹಳೆಯ ಖಾನೆಗಳಿಂದ ಕಳಚಿದ ಮುನ್ನೂರು ತಗಡಿನ ಫಲಕ ಜೋಡಿಸಿದರು. ಪ್ರತಿ ಬಿಡಿಭಾಗದ ಖಾನೆಯ ಮೇಲೆ ಅಂಟಿಸುವ ಹೆಸರಿನ ಫಲಕಗಳವು. ಕ್ಯಾಟಲಾಗು ನಾರ್ವೆಯದು, ಹಾಗಾಗಿ ಹೆಸರೂ ನಾರ್ವೆಯ ಭಾಷೆಯದು. ಸರಿಯಾಗಿ ಮ್ಯಾನೇಜರು ಒಳಗೆ ಬರುವ ಹೊತ್ತಿಗೆ ಕಪಾಟು ದೊಡ್ಡದಾಗಿ ಒಂದು ನಿಟ್ಟುಸಿರು ಬಿಟ್ಟು ಮಲಗಿತು. ಮುನ್ನೂರು ಫಲಕ ನೆಲದ ಮೇಲೆ ಗಲಗಲ ಹರಡಿದವು.

ಮೊಣಕಾಲೂರಿ ಹೆಕ್ಕತೊಡಗಿದೆ. ಆದರೆ ಕಣ್ಣು ಹಳೆಯ ಚಾಳಿ ಬಿಡಲಿಲ್ಲ. ಒಂದು ಫಲಕದಲ್ಲಿ ಮೇಲೆ 'ಸಿಕ್ಕೆರ್‌ಹೆಟ್ಸ್‌ವೆ', ಕೆಳಗೆ 'ನ್ಟಿಲ್'. ಇನ್ನೊಂದರಲ್ಲಿ ಮೇಲೆ 'ಶೋಲೆವನ್ಸ್‌ಪು', ಕೆಳಗೆ 'ಮ್ಪೆ'. ಸಾಲಿಗೆ ಅವರ ಲಿಪಿಯ ಹನ್ನೆರಡೇ ಅಕ್ಷರ ಹಿಡಿಯುತ್ತಿತ್ತು, ಹಿಂದಿನ ಗುಮಾಸ್ತ ಹನ್ನೆರಡು ಎಣಿಸಿ ಕಡಿದುಹಾಕಿದ್ದ. ಪಕ್ಕದಲ್ಲೇ ಬಿದ್ದಿದ್ದ ಇನ್ನೊಂದು ತಗಡಿನಲ್ಲಿ 'ವೆನ್ಟಿಲ್' ಒಂದೇ ಇತ್ತು, ಮತ್ತೊಂದರಲ್ಲಿ 'ಪುಂಪೆ'. ಅಂದರೆ ಅವು ಇಡೀ ಪದಗಳು! ಅವುಗಳ ಹೊಟ್ಟೆಯನ್ನೇ ಸೀಳಿದ್ದಾನಲ್ಲ ಮಹಾರಾಯ ಎಂದು ನನಗೆ ಸಂಕಟವಾಯಿತು. ಕಿವಿಯ ಮೇಲಿದ್ದ ಬಡಗಿ ಪೆನ್ಸಿಲು ತೆಗೆದು ಸರಿಯಾದ ಕೀಲಿಗೆ ಗೆರೆ ಹಾಕುತ್ತಾ ಹೋದೆ.

ಬೈಯಲು ಬಾಯಿ ತೆರೆದಿದ್ದ ಮ್ಯಾನೇಜರು ಬಗ್ಗಿ ನೋಡಿದರು. "ನಿನಗೆ ನಾರ್ವೆಯ ಭಾಷೆ ಬರುತ್ತದಾ?"

"ಇಲ್ಲ ಸರ್."

"ಮತ್ತೆ ಹೇಗೆ ಗೊತ್ತಾಯಿತು?"

"ಅರ್ಥ ಗೊತ್ತಿಲ್ಲ ಸರ್. ಎಲ್ಲಿ ಕಡಿದರೆ ನೋವಾಗುವುದಿಲ್ಲ ಎಂದು ಮಾತ್ರ ಗೊತ್ತಾಗುತ್ತದೆ."

ಆ ಮನುಷ್ಯ ಅಷ್ಟು ಉದ್ದದ ಕಾಲು ಮಡಚಿಕೊಂಡು ನನ್ನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು. ಎರಡು ವರ್ಷದಿಂದ ದಿನಾ ಆ ಪಂಪಿನ ಖಾನೆಯ ಮುಂದೆ ಹಾಯುವಾಗ ಅವರಿಗೆ ಹಲ್ಲುನೋವು ಬಂದ ಹಾಗಾಗುತ್ತಿತ್ತಂತೆ, ಹೇಳಿಕೊಳ್ಳಲು ಜನವಿರಲಿಲ್ಲವಂತೆ. ಎದ್ದು ಹೋಗುವಾಗ ಹೇಳಿದರು: "ನಾಳೆಯಿಂದ ಫಲಕಗಳ ಕೆಲಸ ನಿನ್ನದು. ಆದರೆ ಒಂದು ಷರತ್ತು. ದಯವಿಟ್ಟು ಇನ್ನು ಮರ ಮುಟ್ಟಬೇಡ."

೨. ದಾಸವಾಳ

ಹೀಗೆ ನಾನು ಸ್ಟೋರಿನ ಮೇಜಿನ ಹಿಂದೆ ಬಂದು ಕುಳಿತೆ. ಕಾಗದದಲ್ಲಿ ಮಾತ್ರ ಇನ್ನೂ ಬಡಗಿಯೇ. ಮ್ಯಾನೇಜರು ಚಹದ ಹೊತ್ತಿಗೆ ಬಂದು ಪಾಠ ಹೇಳಿಕೊಡುತ್ತಿದ್ದರು. ಅವರ ಭಾಷೆಯಲ್ಲಿ ಎರಡು, ಮೂರು, ನಾಲ್ಕು ಪದಗಳು ರೈಲಿನ ಡಬ್ಬಿಗಳ ಹಾಗೆ ಕೊಂಡಿ ಹಾಕಿಕೊಂಡು ಒಂದೇ ಪದವಾಗಿ ಓಡುತ್ತವೆ. ಎಷ್ಟೋ ಕಡೆ ಕೊಂಡಿಯ ಜಾಗದಲ್ಲಿ ಒಂದು 'ಸ್' ಇರುತ್ತದೆ. ನಮ್ಮಲ್ಲಿ 'ಮನೆ', 'ಅಲ್ಲಿ' ಸೇರುವಾಗ ನಡುವೆ ಒಂದು 'ಯ' ನುಸುಳಿ 'ಮನೆಯಲ್ಲಿ' ಆಗುವ ಹಾಗೆ ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಹೆಂಡತಿಗೆ ಫೋನ್ ಮಾಡಿ ಹೇಳಿದರು. ಕಡಿಯುವಾಗ ಆ 'ಸ್' ಮೇಲಿನ ಸಾಲಿನಲ್ಲೇ ಉಳಿಯಬೇಕು, ಅದರ ಪಕ್ಕ ಸಣ್ಣ ಅಡ್ಡಗೆರೆ ಬರಬೇಕು. ಇಷ್ಟೇ ಶಾಸ್ತ್ರ.

ಬೆಂಕಿ ಆರಿಸುವ ಸಿಲಿಂಡರುಗಳ ಮೇಲ್ಗಡೆ ಗೋಡೆಗೆ ಹಾಕಲು ನಲವತ್ತು ಹಿತ್ತಾಳೆಯ ಫಲಕ ಬೇಕಾದವು. ಪದ 'ಬ್ರಾನ್‌ಸ್ಲುಕ್ನಿಂಗ್ಸ್‌ಅಪ್ಪರಾಟ್'. ಮೂರು ಡಬ್ಬಿಯ ರೈಲು, ಮೂರು ಸಾಲು. ದೋಹಾದ ಕೈಗಾರಿಕಾ ವಲಯದಲ್ಲಿ, ನಮ್ಮವರೆಲ್ಲ ಸನಾಯ ಎನ್ನುವ ಕಡೆ, ಕೆತ್ತನೆ ಮಾಡುವ ಒಬ್ಬ ಮಲಯಾಳಿ ಇದ್ದ. ಕ್ರಿಕೆಟ್ ಕಪ್ಪುಗಳಿಗೆ, ಸನ್ಮಾನದ ಹಲಗೆಗಳಿಗೆ ಹೆಸರು ಕೆತ್ತಿ ಹೆಸರು ಮಾಡಿದವನು. ನನ್ನ ಚೀಟಿ ನೋಡಿ ಅಡ್ಡಗೆರೆಯ ಮೇಲೆ ಬೆರಳಿಟ್ಟ.

"ಈ ಗೆರೆ ಬೇಡ ಸಾರ್. ಗೀರು ಬಿದ್ದಿದೆ ಅಂತ ಗಿರಾಕಿ ವಾಪಸ್ ತರ್ತಾರೆ."

"ಅದು ಬೇಕು. ಪದ ಇನ್ನೂ ಮುಗಿದಿಲ್ಲ ಅಂತ ಓದುವವನಿಗೆ ಗೊತ್ತಾಗಬೇಕಲ್ಲ?"

"ಅಂದ್ರೆ ಆ ಜಾಗದಲ್ಲಿ ಏನಾದರೂ ಇರಬೇಕು?"

"ಏನಾದರೂ ಇರಲೇಬೇಕು" ಎಂದು ಹೇಳಿ ಬಂದೆ. ಆ 'ಏನಾದರೂ' ಎಂಬ ಮಾತನ್ನು ನಾನು ಆಡಬಾರದಿತ್ತು.

ವಾರದ ನಂತರ ಬ್ಯಾರಿಗಳು ಪೆಟ್ಟಿಗೆ ತಂದಿಳಿಸಿದರು. ತೆರೆದು ನೋಡಿದೆ. ಅಡ್ಡಗೆರೆಯ ಜಾಗದಲ್ಲೆಲ್ಲ ಒಂದೊಂದು ದಾಸವಾಳ! ಐದು ಎಸಳು, ನಡುವೆ ಉದ್ದನೆಯ ಕೇಸರ, ಕೆಳಗೆ ಎರಡು ಎಲೆ. ನಲವತ್ತು ಫಲಕ, ಫಲಕಕ್ಕೆರಡರಂತೆ ಎಂಬತ್ತು ಹೂವು. ಕೆಲಸ ಹೋಯಿತು, ಹೆಂಡತಿ ಮಗಳ ವೀಸಾವೂ ಹೋಯಿತು ಎಂದುಕೊಳ್ಳುತ್ತಾ ಮ್ಯಾನೇಜರ ಮುಂದೆ ಪೆಟ್ಟಿಗೆ ಇಟ್ಟೆ.

ಅವರು ಒಂದು ಫಲಕ ಎತ್ತಿ ತುಂಬಾ ಹೊತ್ತು ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ, ನಗುತ್ತಿದ್ದರು. ಒಂದನ್ನು ಕಾಗದದಲ್ಲಿ ಸುತ್ತಿ ಹೆಂಡತಿಗೆಂದು ಬ್ಯಾಗಿಗೆ ಹಾಕಿಕೊಂಡರು. ಉಳಿದದ್ದನ್ನು ಹಾಗೆಯೇ ಗೋಡೆಗೆ ಹೊಡೆಸು ಎಂದರು.

ಅದರಿಂದ ಲಾಭವೇ ಆಯಿತು. ಯಾರ್ಡಿನಲ್ಲಿ ನೇಪಾಳಿ, ಬಂಗಾಳಿ, ಪಠಾಣ, ತಮಿಳ, ಎಲ್ಲರೂ ಇದ್ದರು, ನಾರ್ವೆಯ ಭಾಷೆ ಓದುವವನು ಒಬ್ಬನೂ ಇರಲಿಲ್ಲ. ಮುಂದಿನ ಸುರಕ್ಷತಾ ಕವಾಯತಿನಲ್ಲಿ ಫೋರ್‌ಮನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಿಂದಿಯಲ್ಲಿ ಒಂದೇ ಮಾತು ಹೇಳಿ ಮುಗಿಸಿದ: "ಬೆಂಕಿ ಬಿದ್ದರೆ ಹೂವಿನ ಕಡೆ ಓಡಿ."

೩. ಎರಡು ಪಿಕಪ್ಪು

ದಾಸವಾಳದ ನಂತರ ನನಗೆ ಸ್ವಲ್ಪ ಕೊಂಬು ಬಂತು. ಯಾರ್ಡಿನೊಳಗೆ ಓಡಾಡುವ ಎರಡು ಬಿಳಿ ಪಿಕಪ್ಪುಗಳಿದ್ದವು, ಮುಂದೊಂದು ಹಿಂದೊಂದು ಬಾಗಿಲಿನವು. ಯಾವುದರಲ್ಲಿ ಏನು ಸಾಗಿಸುತ್ತಾರೆಂದು ಎಡಬದಿಯಲ್ಲಿ ದೊಡ್ಡದಾಗಿ ಬರೆಸಬೇಕಿತ್ತು. ಒಂದಕ್ಕೆ 'ಶೋಲೆವನ್ಸ್‌ಪುಂಪೆರ್', ಅಂದರೆ ತಂಪುನೀರಿನ ಪಂಪುಗಳು. ಇನ್ನೊಂದಕ್ಕೆ ಬೆಂಕಿ ಆರಿಸುವ ಸಿಲಿಂಡರುಗಳ ಅದೇ ಉದ್ದದ ಹೆಸರು. ನಾನು ಟೇಪು ಹಿಡಿದು ಅಳೆದು, ಪದದ ಕೀಲು ಸರಿಯಾಗಿ ಎರಡು ಬಾಗಿಲುಗಳ ಸಂದಿನಲ್ಲೇ ಬರುವ ಹಾಗೆ ಬರೆಸಿದೆ. ಮುಂಬಾಗಿಲು ತೆರೆದರೆ ಪದದ ಮೊದಲರ್ಧ ಆಚೆ ಹೋಗುತ್ತಿತ್ತು, ಹಿಂದಿನರ್ಧ ಇಡಿಯಾಗಿ ಉಳಿಯುತ್ತಿತ್ತು. ಯಾರಿಗೂ ನೋವಿಲ್ಲ. ನನಗೆ ನನ್ನ ಬಗ್ಗೆಯೇ ಅಭಿಮಾನ ಉಕ್ಕಿತು.

ಆ ತಿಂಗಳೇ ಬ್ಯಾರಿಗಳು ರಿವರ್ಸ್ ತೆಗೆಯುವಾಗ ಒಂದನ್ನು ಇನ್ನೊಂದಕ್ಕೆ ಒರಗಿಸಿಬಿಟ್ಟರು. ಎರಡರ ಮುಂಬಾಗಿಲೂ ಚಪ್ಪಟೆ. ಸನಾಯದ ಗ್ಯಾರೇಜಿನಲ್ಲಿ ಬಾಗಿಲುಗಳನ್ನು ಕಳಚಿ, ತಟ್ಟಿ, ತಿರುಗಿ ಹಾಕಿ ಕಳಿಸಿದರು. ಇದರ ಬಾಗಿಲು ಅದಕ್ಕೆ, ಅದರ ಬಾಗಿಲು ಇದಕ್ಕೆ.

ನಾನು ಕೂಗಾಡಿದೆ. ಬ್ಯಾರಿಗಳಿಗೆ ಗಲಾಟೆ ಏಕೆಂದೇ ತಿಳಿಯಲಿಲ್ಲ. "ಬಾಗಿಲು ಬಾಗಿಲೇ ಅಲ್ವಾ ಮಾರಾಯ್ರೇ? ಮುಚ್ತದೆ, ತೆರೀತದೆ, ಗಾಜು ಏರ್ತದೆ, ಇಳೀತದೆ. ಇನ್ನೆಂತ ಬಾಗಿಲು ಮಾತಾಡ್ಬೇಕಾ?"

ಮ್ಯಾನೇಜರು ಹೊರಗೆ ಬಂದು ನೋಡಿದರು. ಒಂದರ ಮೇಲೆ 'ಬ್ರಾನ್‌ಸ್ಲುಕ್ನಿಂಗ್ಸ್‌ಪುಂಪೆರ್', ಇನ್ನೊಂದರ ಮೇಲೆ 'ಶೋಲೆವನ್ಸ್‌ಅಪ್ಪರಾಟೆರ್'. "ಇದರಲ್ಲಿ ತಪ್ಪೇನಿದೆ?" ಎಂದರು. "ಎರಡೂ ಒಳ್ಳೆಯ ಪದಗಳೇ. ಇದು ಬೆಂಕಿ ಆರಿಸುವ ಪಂಪುಗಳು, ಅದು ನೀರು ತಂಪು ಮಾಡುವ ಯಂತ್ರಗಳು. ನಮ್ಮ ಭಾಷೆಗೆ ಲಾರಿ ಗುದ್ದಿದರೂ ಹೊಸ ಪದವೇ ಹುಟ್ಟುತ್ತದೆ."

ಹೊಸ ಪದ ಹುಟ್ಟಿದ ನಾಲ್ಕನೆಯ ದಿನ ನಾರ್ವೆಯ ಹೆಡ್ ಆಫೀಸಿನಿಂದ ಸುರಕ್ಷತೆಯ ಮೇಡಂ ತಪಾಸಣೆಗೆ ಬಂದರು. ಪಿಕಪ್ಪು ನೋಡಿ ಅವರ ಮುಖ ಅರಳಿತು. ಈ ಮರಳುಗಾಡಿನಲ್ಲಿ ಬೆಂಕಿ ಆರಿಸುವ ಪಂಪುಗಳಿಗೇ ಒಂದು ಗಾಡಿ ಇಟ್ಟಿದ್ದೀರಲ್ಲ ಎಂದು ಫೋಟೋ ತೆಗೆದುಕೊಂಡರು. ಆಮೇಲೆ ಸಹಜವಾಗಿ ಕೇಳಿದರು: "ಪಂಪು ಎಲ್ಲಿದೆ?"

ಮ್ಯಾನೇಜರು ನನ್ನನ್ನು ನೋಡಿದರು, ನಾನು ಬ್ಯಾರಿಗಳನ್ನು ನೋಡಿದೆ, ಬ್ಯಾರಿಗಳು ಆಕಾಶ ನೋಡಿದರು. ಕೊನೆಗೆ ಮ್ಯಾನೇಜರು ನಿಜವನ್ನೇ ಹೇಳಿದರು. ಮೇಡಂ ನಗಲಿಲ್ಲ. "ಬಾಗಿಲು ಹೇಳಿದ್ದು ಸರಿಯಾಗಿಯೇ ಇದೆ. ನಿಮ್ಮಲ್ಲಿ ಅಂಥದ್ದೊಂದು ಇರಲೇಬೇಕು" ಎಂದು ವರದಿ ಬರೆದರು. ತಿಂಗಳೊಳಗೆ ಪಂಪು ಬಂತು. ಬೇಸಿಗೆಯಲ್ಲಿ ಪೇಂಟಿನ ಶೆಡ್ಡಿನ ಹಿಂದೆ ಎಣ್ಣೆ ಬಟ್ಟೆಗಳಿಗೆ ಬೆಂಕಿ ಹತ್ತಿದಾಗ ನಮ್ಮನ್ನು ಉಳಿಸಿದ್ದು ಅದೇ ಪಂಪು. ಆ ದಿನ ನಾನು ಬ್ಯಾರಿಗಳ ರಿವರ್ಸ್ ಗೇರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಬ್ಯಾರಿಗಳು ಮಾತ್ರ ಮುಖ ಒರೆಸಿಕೊಳ್ಳುತ್ತಾ ಬಂದು ಕೇಳಿದರು: "ಪೊರ್ಬುಗಳೇ, ಆ ಇನ್ನೊಂದು ಗಾಡಿಯಲ್ಲಿ ಬರ್ದದ್ದು ಯಾವಾಗ ಬರ್ತದೆ? ನೀರು ತಂಪು ಮಾಡೋದು? ನಾಲ್ಕು ತಿಂಗಳಿಂದ ಕಾಯ್ತಾ ಇದ್ದೇನೆ."

೪. ಉದ್ಯೋಗದ ಹೆಸರು

ಎರಡು ವರ್ಷ ತುಂಬಿತು. ರಜೆಯಲ್ಲಿ ಊರಿಗೆ ಹೋಗಿ ತಿಂಗಳಿದ್ದು ಬರಬಹುದಿತ್ತು. ಆದರೆ ಹೋದರೆ ಮತ್ತೆ ಬಿಟ್ಟು ಬರಬೇಕು, ಅದನ್ನು ಎರಡನೆಯ ಸಲ ಮಾಡುವ ಗಟ್ಟಿತನ ನನ್ನಲ್ಲಿರಲಿಲ್ಲ. ಮ್ಯಾನೇಜರ ಮುಂದೆ ನಿಂತು ಕೇಳಿದೆ: "ನನ್ನ ಕಾಗದದಲ್ಲಿ ಬಡಗಿ ಎಂದಿದೆ ಸರ್. ಅದನ್ನು ಬದಲಾಯಿಸಿಕೊಟ್ಟರೆ ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದು."

"ಕರೆಸಿಕೋ. ಆ ಕಪಾಟು ನೋಡಿದವರು ಯಾರೂ ನಿನ್ನನ್ನು ಬಡಗಿ ಎನ್ನಲಾರರು" ಎಂದು ಆಗಲೇ ಪತ್ರ ಬರೆಯಲು ಕುಳಿತರು. ಹುದ್ದೆಯ ಹೆಸರಿನ ಹತ್ತಿರ ಪೆನ್ನು ನಿಂತಿತು. ಸುಮ್ಮನೆ ಗುಮಾಸ್ತ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಅವರು ಸತ್ಯವಂತರು, ಮೇಲಾಗಿ ನನ್ನ ಕೆಲಸದ ಮೇಲೆ ಅವರಿಗೆ ವಿಪರೀತ ಗೌರವ. ಒಂದೊಂದೇ ಡಬ್ಬಿ ಸೇರಿಸಿ ಬರೆದರು: 'ರೆಸೆರ್ವೆಡೇಲ್ಸ್‌ಲಾಗೆರ್‌ಶಿಲ್ತ್‌ಊರ್‌ಡೇಲಿಂಗ್ಸ್‌ಅನ್ಸ್ವಾರ್ಲಿ'. ಬಿಡಿಭಾಗಗಳ ಉಗ್ರಾಣದ ಫಲಕಗಳ ಪದವಿಭಜನೆಯ ಹೊಣೆಗಾರ. ಅವರ ಲಿಪಿಯಲ್ಲಿ ನಲವತ್ತು ಅಕ್ಷರ. ಬರೆದು ಮುಗಿಸಿ ಕೈಕುಲುಕಿದರು. ಈ ಹುದ್ದೆ ನಾರ್ವೆಯಲ್ಲೇ ಯಾರಿಗೂ ಇಲ್ಲವಂತೆ. ನನಗೆ ಕಣ್ಣು ತುಂಬಿ ಬಂತು, ಅರ್ಧ ಕೃತಜ್ಞತೆಯಿಂದ, ಅರ್ಧ ಭಯದಿಂದ.

ಕಾರಿನಲ್ಲಿ ಬ್ಯಾರಿಗಳಿಗೆ ಓದಿ ಹೇಳಿದೆ. ಅವರು ರೌಂಡಬೌಟು ಬರುವ ತನಕ ಕೇಳಿಸಿಕೊಂಡು, "ಇದನ್ನು ಹೇಳಿ ಮುಗಿಸ್ಲಿಕ್ಕೆ ನಡುವೆ ಪೆಟ್ರೋಲ್ ಹಾಕಿಸ್ಬೇಕು" ಎಂದರು.

ದೋಹಾದ ವೀಸಾ ಕಛೇರಿಯ ಹೊರಗೆ ಅರಬ್ಬಿಯಲ್ಲಿ ಅರ್ಜಿ ತುಂಬಿಕೊಡುವ ಟೈಪಿಂಗ್ ಅಂಗಡಿ. ಈಜಿಪ್ಟಿನ ಟೈಪಿಸ್ಟ್ ನನ್ನ ಬಾಯಿಂದ ಹುದ್ದೆಯನ್ನು ಕೇಳಿ, ಕೇಳಿದ ಹಾಗೆ ಅರಬ್ಬಿ ಅಕ್ಷರಗಳಲ್ಲಿ ಒತ್ತತೊಡಗಿದ. ಮೂರು ಸಲ ಹೇಳಿಸಿಕೊಂಡ, ಒಂದು ಸಲ ಚಹ ತರಿಸಿಕೊಂಡ. ಉದ್ಯೋಗದ ಚೌಕ ತುಂಬಿತು, ಪದ ಮುಗಿಯಲಿಲ್ಲ. ಕೆಳಗಿದ್ದದ್ದು ಮಕ್ಕಳ ಹೆಸರಿನ ಪಟ್ಟಿ. ಉಳಿದದ್ದನ್ನು ಅಲ್ಲಿಗೇ ಇಳಿಸುತ್ತೇನೆಂದ.

ಬೇಡವೆನ್ನಬೇಕಿತ್ತು. ಆದರೆ ನನ್ನೊಳಗಿನ ಮೊಳೆ ಜೋಡಿಸುವವನಿಗೆ ಎಲ್ಲಿ ಇಳಿಸುತ್ತಾನೆ ಎನ್ನುವುದಕ್ಕಿಂತ ಎಲ್ಲಿ ಕಡಿಯುತ್ತಾನೆ ಎಂಬುದೇ ದೊಡ್ಡ ಚಿಂತೆಯಾಯಿತು. "ಅನ್ಸ್ವಾರ್ಲಿ ಒಡೆಯಬೇಡ, ಅದು ಇಡೀ ಪದ" ಎಂದೆ. ಹಾಗೆಯೇ ಮಾಡಿದ. ಮಕ್ಕಳ ಪಟ್ಟಿಯಲ್ಲಿ ಒಂದನೆಯ ಸಾಲಿಗೆ ಅನ್ಸ್ವಾರ್ಲಿ, ಎರಡನೆಯ ಸಾಲಿಗೆ ನನ್ನ ಮಗಳು. "ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ" ಎಂದು ಟೈಪಿಸ್ಟ್ ನನ್ನ ಬೆನ್ನು ತಟ್ಟಿದ. "ಸಂಸಾರ ದೊಡ್ಡದಾಗಿ ಕಂಡರೆ ಒಳ್ಳೆಯದೇ."

೫. ಯಾರ ಮಗ?

ಒಳಗೆ ಅಧಿಕಾರಿ ಬೆಳಿಗ್ಗೆಯಿಂದಲೇ ಸಿಡುಕಿನಲ್ಲಿದ್ದರು. ತೋಬು ಎಂಬ ಬಿಳಿ ನಿಲುವಂಗಿ ಗರಿಗರಿ, ಹುಬ್ಬು ಗಂಟು. ಮೇಜಿನ ಮೇಲೆ, ಕಡತಗಳ ಪಕ್ಕ, ಬಾಗಿಲಿನಿಂದ ಆಗಷ್ಟೇ ಕಳಚಿ ತಂದ ಹೊಸ ಹಿತ್ತಾಳೆಯ ನಾಮಫಲಕ ಬಿದ್ದಿತ್ತು. ನನ್ನ ಅರ್ಜಿ ಓದುತ್ತಾ ಬಂದ ಅವರ ಬೆರಳು ಮಕ್ಕಳ ಪಟ್ಟಿಯ ಮೇಲೆ ನಿಂತಿತು. ಬ್ಯಾರಿಗಳು ಅರಬ್ಬಿಯಿಂದ ಕನ್ನಡಕ್ಕೆ, ಕನ್ನಡದಿಂದ ಅರಬ್ಬಿಗೆ ಮಾತು ದಾಟಿಸುತ್ತಿದ್ದರು.

"ಈ ಅನ್ಸ್ವಾರ್ಲಿ ಯಾರು? ಹಿರಿ ಮಗನಾ? ಪಾಸ್‌ಪೋರ್ಟು ಎಲ್ಲಿ?"

"ಮಗ ಅಲ್ಲ, ಅದು ಇವರ ಕೆಲಸದ ಬಾಲ" ಎಂದರು ಬ್ಯಾರಿಗಳು.

ಅಧಿಕಾರಿ ಮೇಲಿನ ಚೌಕದಿಂದ ಓದಿಕೊಂಡು ಬಂದರು, ನಡುವೆ ನಿಂತು ನೀರು ಕುಡಿದರು, ಮುಗಿಸಿದರು. ಏನು ಕೆಲಸ ಇದು ಎಂದು ಕೇಳಿದರು. ಉದ್ದದ ಪದಗಳನ್ನು ಎಲ್ಲಿ ಕಡಿಯಬೇಕೋ ಅಲ್ಲಿ ಕಡಿಯುವುದು ಎಂದು ಹೇಳಿಸಿದೆ. ಅವರು ಕಡತ ಮುಚ್ಚಿಬಿಟ್ಟರು. "ಇದು ಕೆಲಸವೇ ಅಲ್ಲ. ಬಡಗಿಯಾಗಿ ಬಂದಿದ್ದೀಯ, ಬಡಗಿಯಾಗಿಯೇ ಇರು. ಖಲಾಸ್."

ಬ್ಯಾರಿಗಳು ಆ ಕೊನೆಯ ಪದವನ್ನು ಕನ್ನಡಕ್ಕೆ ತರುವ ಅಗತ್ಯವಿರಲಿಲ್ಲ. ಕಣ್ಣೀರು ಕಾಣಿಸಬಾರದೆಂದು ತಲೆ ತಗ್ಗಿಸಿದೆ. ಎದುರಿಗೆ ಆ ಹಿತ್ತಾಳೆಯ ಫಲಕ.

ನನಗೆ ಅರಬ್ಬಿ ಓದಲು ಬಾರದು. ಆದರೆ ನಾನು ಪದ ಓದುವವನಲ್ಲ, ಸಾಲು ನೋಡುವವನು. ಒಂದು ಪುಟ್ಟ ಪದ ಮೂರು ಕಡೆ ಇತ್ತು. ಎರಡು ಕಡೆ ಅದರ ಮುಂದೆ ಒಂದು ದೊಡ್ಡ ಪದ ಕೈಹಿಡಿದುಕೊಂಡು ನಿಂತಿತ್ತು. ಒಂದು ಕಡೆ ಮಾತ್ರ ಅದು ಮೊದಲ ಸಾಲಿನ ತುದಿಯಲ್ಲಿ ಒಂಟಿಯಾಗಿ ಜೋತಾಡುತ್ತಿತ್ತು. ನನ್ನ ಕೈ ತಾನಾಗಿಯೇ ಹೋಗಿ ಅದರ ಮೇಲೆ ಬೆರಳಿಟ್ಟಿತು. "ಬ್ಯಾರಿಗಳೇ, ಇದನ್ನು ತಪ್ಪು ಜಾಗದಲ್ಲಿ ಕಡಿದಿದ್ದಾರೆ" ಎಂದೆ.

"ಸುಮ್ನಿರಿ ಪೊರ್ಬುಗಳೇ, ಇಬ್ಬರನ್ನೂ ಒಳಗೆ ಹಾಕ್ತಾರೆ" ಎಂದು ಅವರು ನನ್ನ ಅಂಗಿ ಜಗ್ಗಿದರು. ಅಷ್ಟರಲ್ಲಿ ಅಧಿಕಾರಿ ಕೇಳಿಯಾಗಿತ್ತು, ಏನೆಂದ ಹೇಳು ಎಂದು. ಬ್ಯಾರಿಗಳು ಹೇಳಿದರು.

ಅಧಿಕಾರಿ ಎದ್ದು ನಿಂತರು. "ಅದನ್ನೇ ನಾನು ಮೂರು ದಿನದಿಂದ ಬಡಿದುಕೊಳ್ಳುತ್ತಿದ್ದೇನೆ! ಬೋರ್ಡಿನವನು ಜಾಗ ಸಾಲಲಿಲ್ಲ ಎನ್ನುತ್ತಾನೆ. ಮೇಲಿನ ಸಾಲಿನಲ್ಲಿ ನನ್ನ ಹೆಸರು, ಆಮೇಲೆ 'ಬಿನ್', ಇಂಥವರ ಮಗ ಎಂದು. ಅಲ್ಲಿಗೆ ಸಾಲು ಮುಗಿಯಿತು! ಬಾಗಿಲಿಗೆ ಬಂದವರೆಲ್ಲ 'ಯಾರ ಮಗ?' ಎಂದು ನಿಂತುಬಿಡುತ್ತಾರೆ. ನನ್ನ ತಂದೆ ಕೆಳಗಿನ ಸಾಲಿನಲ್ಲಿ ಒಬ್ಬರೇ ಕುಳಿತಿದ್ದಾರೆ. ನಿನಗೆ ಅರಬ್ಬಿ ಬರುತ್ತದಾ?"

"ಇಲ್ಲ ಸರ್. ಪೆನ್ಸಿಲು ಕೊಡಿ."

ಕಾಗದದ ಮೇಲೆ ಎರಡು ಗೆರೆ ಎಳೆದೆ. ಆ ಪುಟ್ಟ ಪದವನ್ನು ಕೆಳಗಿಳಿಸಿ ತಂದೆಯ ಹೆಸರಿನ ಜೊತೆ ಸೇರಿಸಿದೆ. ಮೇಲಿನ ಸಾಲಿನಲ್ಲಿ ಅವರ ಹೆಸರೊಂದೇ ಉಳಿದು ಜಾಗ ಖಾಲಿ ಕಂಡಿತು. ಪ್ರೆಸ್ಸಿನಲ್ಲಿ ಇಂಥ ಹೊತ್ತಿಗೆ ಮಾಡುವುದನ್ನೇ ಮಾಡಿದೆ, ಆ ಸಾಲಿನ ಅಕ್ಷರ ಒಂದೂವರೆ ಪಟ್ಟು ದೊಡ್ಡದು ಮಾಡಿದೆ. ಈಗ ಅವರ ಹೆಸರು ದೊಡ್ಡದಾಗಿ ಮೇಲೆ, ಕೆಳಗೆ ತಂದೆ, ಅಜ್ಜ, ಇಡೀ ಮನೆತನ ಒಟ್ಟಿಗೆ.

ಅಧಿಕಾರಿ ಕಾಗದವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಹುಬ್ಬಿನ ಗಂಟು ಬಿಚ್ಚಿತು. ಅರಬ್ಬಿ ಕಾಫಿ ಖಾವಾ ತರಿಸಿದರು, ಖರ್ಜೂರದ ತಟ್ಟೆ ನನ್ನ ಮುಂದೆ ಸರಿಸಿದರು. "ಇದು ಕೆಲಸವೇ" ಎಂದರು. "ನನ್ನ ತಂದೆಯನ್ನು ಸರಿಯಾದ ಜಾಗದಲ್ಲಿ ಕೂರಿಸಿದೆ. ನಿನ್ನ ಮಗಳನ್ನು ಬೇರೆ ದೇಶದಲ್ಲಿ ಕೂರಿಸಿದರೆ ನಾನು ಮನೆಯಲ್ಲಿ ಮುಖ ತೋರಿಸಲಿಕ್ಕಾಗುವುದಿಲ್ಲ."

ಕಂಪ್ಯೂಟರಿನ ಪಟ್ಟಿಯಲ್ಲಿ ನನ್ನ ನಲವತ್ತು ಅಕ್ಷರದ ಹುದ್ದೆ ಇರಲಿಲ್ಲ. ಟೆಕ್ನಿಷಿಯನ್ ಎಂದು ಹಾಕಿದರು. ಅರ್ಥವಾಗದ ಕೆಲಸಕ್ಕೆಲ್ಲ ಹಾಗೆಯೇ ಹಾಕುವುದಂತೆ. ಠಸ್ಸೆ ಬಿತ್ತು. ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಹೊರಡುವಾಗ ಅವರು ಕೆಂಪು ಪೆನ್ನಿನಿಂದ ಅರ್ಜಿಯಲ್ಲಿ ಒಂದು ಗೆರೆ ಎಳೆದು, ಗಂಭೀರವಾಗಿ ಹೇಳಿದರು: "ಮಗಳು ಬರಲಿ. ಆದರೆ ಈ ಅನ್ಸ್ವಾರ್ಲಿಯನ್ನು ಮಾತ್ರ ಅವನ ಅಜ್ಜಿಯ ಮನೆಯಲ್ಲೇ ಬಿಟ್ಟುಬಿಡು."

೬. ಕಂಬದ ಹಿಂದೆ

ಹೆಂಡತಿ ಮಗಳು ಬರುವ ದಿನ ಮ್ಯಾನೇಜರು ತಮ್ಮ ಸ್ವಂತ ಕಾರನ್ನೇ ಕೊಟ್ಟರು. ಬ್ಯಾರಿಗಳು ಅದನ್ನು ಎರಡು ಸಲ ತೊಳೆದರು. ಬೆಳಿಗ್ಗೆ ಒಂಬತ್ತಕ್ಕೆ ಬರುವ ವಿಮಾನಕ್ಕೆ ನಾವು ಆರಕ್ಕೇ ಹೋಗಿ ನಿಂತೆವು. ನಾನು ಮಾಡಿದ ಕೆಲಸಕ್ಕಿಂತ ನನಗಾಗಿ ಬೇರೆಯವರು ಮಾಡಿದ್ದೇ ಹೆಚ್ಚು ಎಂದು ಅಲ್ಲಿ ನಿಂತಾಗ ಅನ್ನಿಸಿತು. ಈಗಲೂ ಹಾಗೆಯೇ ಅನ್ನಿಸುತ್ತದೆ.

ಹೆಂಡತಿ ಹೊರಗೆ ಬಂದಳು. ಸ್ವಲ್ಪ ಸೊರಗಿದ್ದಳು, ನಗುತ್ತಿದ್ದಳು. ಅವಳ ಕೈ ಹಿಡಿದು ಮಗಳು. ಮೂರು ತುಂಬಲು ಸ್ವಲ್ಪವೇ ಬಾಕಿ, ತಲೆಗೆ ಎರಡು ಜುಟ್ಟು. ನಾನು ಓಡಿಹೋಗಿ ಹೆಂಡತಿಯ ಹೆಗಲಿನ ಬ್ಯಾಗು ತೆಗೆದುಕೊಂಡು, ಕೂತು ಕೈ ಚಾಚಿದೆ. ಮಗು ತಾಯಿಯ ಹಿಂದೆ ಸರಿಯಿತು.

"ಪಪ್ಪ ಅಲ್ವಾ? ಹೋಗು" ಎಂದಳು ಹೆಂಡತಿ. ನಮ್ಮ ಮನೆಮಾತು ಕೊಂಕಣಿ, ಅದನ್ನೇ ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅಲ್ಲ. ಪಪ್ಪ ಫೋನಿನಲ್ಲಿರುವುದು" ಎಂದಳು ಮಗಳು, ಸಂಶಯಕ್ಕೆ ಎಡೆಯಿಲ್ಲದಂತೆ.

ಅವಳು ಹೇಳಿದ್ದು ಸುಳ್ಳೇನಲ್ಲ. ಅಲ್ಲಿನ ವಾರದ ರಜೆಯಾದ ಶುಕ್ರವಾರ, ಪ್ರತಿ ಸಲ ಇಗರ್ಜಿಯ ಪೂಜೆ ಮುಗಿಸಿ ಬಂದು ನಾನು ಮಾಡುತ್ತಿದ್ದ ಫೋನೇ ಅವಳ ಅಪ್ಪ. ಮುಖವಿಲ್ಲ, ಮೀಸೆಯಿಲ್ಲ, ಒಂದು ಸ್ವರ ಮಾತ್ರ. ಎದುರಿಗೆ ಬೆವರುತ್ತಾ ಕೂತ ಮನುಷ್ಯನನ್ನು ಅವಳು ಏಕೆ ನಂಬಬೇಕು?

ಉಪಾಯ ಹೇಳಿದ್ದು ಬ್ಯಾರಿಗಳು. "ಫೋನಿನಲ್ಲೇ ಬನ್ನಿ ಮಾರಾಯ್ರೇ" ಎಂದು ತಮ್ಮ ಮೊಬೈಲನ್ನು ಮಗುವಿನ ಕೈಗೆ ಕೊಟ್ಟು, ನನ್ನನ್ನು ಕಣ್ಣಲ್ಲೇ ಆಚೆ ತಳ್ಳಿದರು. ನಾನು ಓಡಿ ಒಂದು ದೊಡ್ಡ ಕಂಬದ ಹಿಂದೆ ನಿಂತು, ನನ್ನ ಮೊಬೈಲಿನಿಂದ ಕರೆ ಮಾಡಿದೆ. "ಮಗಾ, ಪಪ್ಪ ಮಾತಾಡೋದು."

ಅವಳ ಸ್ವರ ಅರಳಿತು. ಆಮೇಲೆ ಥಟ್ಟನೆ ತಗ್ಗಿತು, ಗುಟ್ಟು ಹೇಳುವವರ ಹಾಗೆ. "ಪಪ್ಪಾ, ಬೇಗ ಬಾ. ಇಲ್ಲಿ ಒಬ್ಬ ಅಂಕಲ್ ಮಮ್ಮಿಯ ಬ್ಯಾಗು ತಗೊಂಡು ಓಡಿಹೋದ. ಕಂಬದ ಹಿಂದೆ ಅಡಗಿದ್ದಾನೆ. ಅವನ ಕಾಲು ನನಗೆ ಕಾಣ್ತದೆ."

ನೋಡಿಕೊಂಡೆ. ಬ್ಯಾಗು ನನ್ನ ಹೆಗಲಲ್ಲೇ ಇತ್ತು. "ಬಂದೆ ಮಗಾ, ಇಗೋ ಬಂದೆ, ಬಂದೇಬಿಟ್ಟೆ" ಎಂದು ಫೋನಿನಲ್ಲಿ ಹೇಳುತ್ತಲೇ ಕಂಬದ ಹಿಂದಿನಿಂದ ಹೊರಗೆ ಬಂದೆ. ನಗುವೋ ಅಳುವೋ ಗೊತ್ತಾಗದ ಮುಖ ಹೊತ್ತು ನೇರ ಅವಳ ಮುಂದೆ ಹೋಗಿ, ಬ್ಯಾಗನ್ನು ಅವಳ ಕಾಲಬುಡದಲ್ಲಿಟ್ಟು ಕೂತೆ.

ಅವಳು ಬ್ಯಾಗು ನೋಡಿದಳು, ನನ್ನನ್ನು ನೋಡಿದಳು, ಬ್ಯಾರಿಗಳ ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿಹಿಡಿದು ನೆಮ್ಮದಿಯಿಂದ ಹೇಳಿದಳು:

"ಪಪ್ಪಾ, ಅವಸರ ಮಾಡ್ಬೇಡ, ನಿಧಾನ ಬಾ. ಆ ಅಂಕಲ್ ಒಳ್ಳೆಯವನು, ಬ್ಯಾಗು ವಾಪಸ್ ತಂದುಕೊಟ್ಟ."